ನಮ್ಮ ನಾಯಿ ಇಲಿ ಪಾಷಾಣ ತಿಂದಾಗ

ಎಲ್ಲರಿಗೂ ನಮಸ್ಕಾರ. ಮಕ್ಕಳೂ ಬಂದಿದ್ದೀರಿ, ತುಂಬಾ ಸಂತೋಷ.

ನಮ್ಮ ಮನೆಯಲ್ಲಿ ಕರಿಯ ಅಂತ ಒಂದು ನಾಯಿ, ಸೋನಿ ಅಂತ ಒಂದು ಬೆಕ್ಕು ಇವೆ. ಕರಿಯನ ಬಾಯಿಗೆ ಸಿಗದ ಚಪ್ಪಲಿ ಇಲ್ಲ. ಸೋನಿ ದೇವರ ಮುಂದಿನ ಹೂವನ್ನೇ ಎಳೆದು ಆಡುತ್ತಾಳೆ. ನಿಮ್ಮ ಮನೆಯಲ್ಲೂ ಇದೇ ಕಥೆ, ಅಲ್ವಾ? ಈ ತುಂಟಾಟ ಇಲ್ಲದಿದ್ದರೆ ಮನೆ ಬಿಕೋ ಅನ್ನುತ್ತದೆ. ಆದರೆ ಒಂದು ಸಲ ಇದೇ ತುಂಟಾಟ ಕರಿಯನ ಜೀವಕ್ಕೆ ಬಂದಿತ್ತು.

ಆಗ ಅಡುಗೆಮನೆಯಲ್ಲಿ ಇಲಿ ಕಾಟ ಜಾಸ್ತಿಯಾಗಿತ್ತು. ಇಲಿ ಪಾಷಾಣದ ಬಿಲ್ಲೆ ತಂದು ಸಿಲಿಂಡರ್ ಹಿಂದೆ ಇಟ್ಟೆವು. ಅಲ್ಲಿಗೆ ಕರಿಯನ ಮೂತಿ ಹೋಗುವುದಿಲ್ಲ ಅಂದುಕೊಂಡಿದ್ದೆವು. ಹೋಯಿತು. ಬಿಲ್ಲೆ ಕಾಣೆಯಾಗಿದ್ದು ಗೊತ್ತಾದರೂ ಅವನು ಉಂಡ, ಬೊಗಳಿದ, ಚೆಂಡಿನ ಹಿಂದೆ ಓಡಿದ. ಏನೂ ಆಗಿಲ್ಲ ಅಂತ ಸುಮ್ಮನಾದೆವು. ಮೂರನೇ ದಿನ ಬೆಳಗ್ಗೆ ಅವನು ಮೇಲೇಳಲಿಲ್ಲ. ಮೂತ್ರದಲ್ಲಿ ರಕ್ತ. ವಸಡು ಸುಣ್ಣದ ಹಾಗೆ ಬಿಳಿಚಿತ್ತು.

ಡಾಕ್ಟರು ಮೊದಲು ಕೇಳಿದ್ದು ಮೂರೇ ಪ್ರಶ್ನೆ. ಏನು ತಿಂದ? ಎಷ್ಟು ತಿಂದ? ಯಾವಾಗ ತಿಂದ? ಪ್ಯಾಕೆಟ್ ಕಸದ ಬುಟ್ಟಿಯಲ್ಲಿತ್ತು. ನನ್ನ ಮಗ ಅದನ್ನು ಹುಡುಕಿ ಫೋಟೋ ಕಳಿಸಿದ. ಅದರ ಮೇಲೆ 'ಬ್ರೋಮಡಯೋಲೋನ್' ಅಂತ ಇತ್ತು. ಆ ಒಂದು ಪದದಿಂದ ಚಿಕಿತ್ಸೆಯ ದಾರಿ ಸಿಕ್ಕಿತು. ಈ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಹೆಪ್ಪುಗಟ್ಟಿಸುವ ಅಂಶ ಮೊದಲೇ ಮೈಯಲ್ಲಿ ಸ್ವಲ್ಪ ಇರುವುದರಿಂದ ಎರಡು ಮೂರು ದಿನ ಏನೂ ಕಾಣುವುದಿಲ್ಲ. ಇದಕ್ಕೆ ಮದ್ದು ವಿಟಮಿನ್ ಕೆ1. ಕರಿಯನಿಗೆ ಸುಮಾರು ಒಂದು ತಿಂಗಳು ಮಾತ್ರೆ ಕೊಟ್ಟೆವು. ಅವತ್ತೇ ಕರೆದುಕೊಂಡು ಹೋಗಿದ್ದರೆ ವಾಂತಿ ಮಾಡಿಸಿ, ಅವನಿಗೆ ಅಷ್ಟು ನೋವಾಗದ ಹಾಗೆ ನೋಡಿಕೊಳ್ಳಬಹುದಿತ್ತು. ಅದು ನನಗೆ ಇವತ್ತಿಗೂ ಸಂಕಟ.

ಇನ್ನೊಂದು ಇಲಿ ಮದ್ದು ಇದೆ, ಕಪ್ಪು ಪುಡಿ, ಜಿಂಕ್ ಫಾಸ್ಫೈಡ್. ಇದು ತಡ ಮಾಡುವುದಿಲ್ಲ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಹೊಟ್ಟೆಯ ಆಮ್ಲ ತಾಗಿದರೆ ವಿಷದ ಗಾಳಿಯಾಗುತ್ತದೆ. ಆದ್ದರಿಂದ ಅನ್ನ ಹಾಕಬೇಡಿ. ಅನ್ನ ಬಿದ್ದರೆ ಆಮ್ಲ ಇನ್ನೂ ಹೆಚ್ಚುತ್ತದೆ. ಆಟೋದಲ್ಲೋ ಕಾರಿನಲ್ಲೋ ವಾಂತಿ ಮಾಡಿದರೆ ಆ ಗಾಳಿ ನಮಗೂ ಅಪಾಯ. ಕಿಟಕಿ ತೆರೆದಿಡಿ.

ಇಂಥ ಹೊತ್ತಲ್ಲಿ ಅಕ್ಕಪಕ್ಕದವರು ಪ್ರೀತಿಯಿಂದಲೇ, ವಾಂತಿಯಾಗಲಿ ಅಂತ ಉಪ್ಪುನೀರು ಕುಡಿಸಿ ಅನ್ನುತ್ತಾರೆ. ದಯವಿಟ್ಟು ಕುಡಿಸಬೇಡಿ. ಜಾಸ್ತಿ ಉಪ್ಪೇ ವಿಷವಾಗುತ್ತದೆ. ಆಸಿಡ್ ನೆಕ್ಕಿದ್ದರೆ ವಾಂತಿಯಲ್ಲಿ ಗಂಟಲು ಮತ್ತೊಮ್ಮೆ ಸುಡುತ್ತದೆ. ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ ಮಾಡಿಸಬೇಕೋ ಬೇಡವೋ ಅನ್ನುವುದನ್ನು ಡಾಕ್ಟರೇ ಹೇಳಲಿ. ನೀವು ಪ್ಯಾಕೆಟ್ ಹಿಡಿದುಕೊಂಡು ಹೊರಡಿ.

ಬೆಕ್ಕಿನ ಮಾತು ಬೇರೆ. ಮೈ ಬಿಸಿ ಇದೆ ಅಂತ ನಮ್ಮ ಪ್ಯಾರಸಿಟಮಾಲ್ ಮುರಿದು ಕೊಡುವವರಿದ್ದಾರೆ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದರ ಪಿತ್ತಜನಕಾಂಗಕ್ಕೆ ಆ ಔಷಧಿಯನ್ನು ಅರಗಿಸುವ ಶಕ್ತಿ ಇಲ್ಲ. ಹೂ ಕಟ್ಟುವ ದಾರ ನುಂಗಿ ತುದಿ ಬಾಯಿಂದಲೋ ಹಿಂದಿನಿಂದಲೋ ಇಳಿಬಿದ್ದಿದ್ದರೆ ಎಳೆಯಬೇಡಿ. ಒಳಗೆ ಕರುಳು ಕೊಯ್ಯುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಮೂತ್ರ ಬರದಿದ್ದರೆ ಬೆಳಗಿನವರೆಗೆ ಕಾಯಬೇಡಿ. ಮಲಬದ್ಧತೆ ಇರಬೇಕು ಅಂತ ಎಷ್ಟೋ ಜನ ಕಾದು ಬೆಕ್ಕನ್ನು ಕಳೆದುಕೊಂಡಿದ್ದಾರೆ.

ಹಬ್ಬದ ದಿನ ಕೇಸರಿಬಾತ್ ನಾಯಿಗೂ ಒಂದು ತುತ್ತು ಹಾಕೋಣ ಅನಿಸುತ್ತದೆ. ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಚಾಕೊಲೇಟ್, ಈರುಳ್ಳಿ ಕೂಡ ಬೇಡ.

ಮಕ್ಕಳೇ, ಇದು ನಿಮಗೆ. ನೋವಿನಲ್ಲಿರುವ ನಾಯಿ ತನ್ನ ಮನೆಯವರನ್ನೇ ಕಚ್ಚಬಹುದು. ಅದು ಕೋಪ ಅಲ್ಲ, ಹೆದರಿಕೆ. ದೊಡ್ಡವರನ್ನು ಕರೆಯಿರಿ. ದಪ್ಪ ಟವೆಲ್ ಹೊದಿಸಿ ಅವರೇ ಎತ್ತಲಿ. ಕಚ್ಚಿದರೆ ಗಾಯವನ್ನು ನಲ್ಲಿ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ, ನಂಬರು ಫ್ರಿಜ್ ಮೇಲೆ ಅಂಟಿಸಿ. ಹಳ್ಳಿಯಲ್ಲಿ ದನಕರು ಇರುವವರು 1962 ನೆನಪಿಡಿ, ಅದು ಸಂಚಾರಿ ಪಶು ಚಿಕಿತ್ಸೆಯ ನಂಬರು.

ಇನ್ನೊಂದು ಕೆಲಸ ಮನೆಗೆ ಹೋಗಿ ಮಾಡಿ. ನಾಯಿಯ ತುಟಿ ಎತ್ತಿ ವಸಡು ನೋಡಿ. ತಿಳಿ ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಕೆಲವು ನಾಯಿಗಳ ವಸಡೇ ಕಪ್ಪು, ಅವಕ್ಕೆ ಕೆಳರೆಪ್ಪೆಯ ಒಳಭಾಗ ನೋಡಿ. ಚೆನ್ನಾಗಿರುವಾಗಿನ ಬಣ್ಣ ಗೊತ್ತಿದ್ದರೆ ಕೆಟ್ಟಾಗ ಕಣ್ಣಿಗೆ ಬೀಳುತ್ತದೆ. ನನಗೆ ಅದು ಗೊತ್ತಿರಲಿಲ್ಲ. ಈಗ ದಿನಾ ರಾತ್ರಿ ನೋಡುತ್ತೇನೆ. ಕರಿಯ ತಾನೇ ಬಂದು ಮುಖ ಎತ್ತಿ ನಿಲ್ಲುತ್ತಾನೆ.

ಈಗ ನಿಮ್ಮ ಪ್ರಶ್ನೆ ಕೇಳಿ.