ಮೇಲೆ ಥಳಕು, ಒಳಗೆ ಹುಳುಕು

ಕೇಳುಗರೇ, ನಮಸ್ಕಾರ. ಪಾಲಿಶ್ ಮುಗಿದ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಗೀರೂ ಕಾಣದು. ಆದರೆ ಆ ಹೊಳಪಿನ ಕೆಳಗೆ, ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಳದಲ್ಲಿ, ಬಿರುಕುಗಳು ಅಡಗಿ ಕೂತಿರಬಹುದು.

ಅವು ಹುಟ್ಟುವುದು ಸಾಣೆ ಹಿಡಿಯುವಾಗ. ವಜ್ರದ ಕಣ ಒತ್ತಿದಾಗ ಗಾಜು ಬಿರಿಯುತ್ತದೆ. ಕೆಲವು ಬಿರುಕು ಪಕ್ಕಕ್ಕೆ ಹರಿದು, ಗಾಜು ಚಕ್ಕೆಯಾಗಿ ಏಳುತ್ತದೆ. ಅದು ಬೇಕಾದದ್ದೇ, ಗಾಜು ಸವೆಯುವುದೇ ಹಾಗೆ. ಇನ್ನು ಕೆಲವು ನೆಟ್ಟಗೆ ಕೆಳಕ್ಕೆ ಇಳಿಯುತ್ತವೆ. ತಲೆನೋವು ಇವುಗಳದ್ದು. ಆಮೇಲೆ ಪಾಲಿಶ್ ಮಾಡುವಾಗ ತೆಳುವಾದ ಪದರವೊಂದು ಬಂದು ಇವುಗಳ ಬಾಯಿ ಮುಚ್ಚಿಬಿಡುತ್ತದೆ.

ಇಷ್ಟಕ್ಕೆಲ್ಲ ಯಾಕೆ ಚಿಂತೆ ಅಂತೀರಾ? ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಎಂಬ ಲೇಸರ್ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳಿವೆ. ಕೊನೆಯ ಹಂತದಲ್ಲಿ 351 ನ್ಯಾನೋಮೀಟರಿನ ನೇರಳಾತೀತ ಬೆಳಕು ಗಾಜಿನ ಮೂಲಕ ಹಾಯುತ್ತದೆ. ಬಿರುಕು ಆ ಬೆಳಕನ್ನು ಹೀರಿಕೊಂಡರೆ ಅಲ್ಲಿ ಗಾಜು ಸಿಡಿದು ಗುಂಡಿ ಬೀಳುತ್ತದೆ. ಮುಂದಿನ ಹೊಡೆತಗಳಿಗೆ ಆ ಗುಂಡಿ ಬೆಳೆಯುತ್ತಲೂ ಹೋಗಬಹುದು.

ಕಣ್ಣಿಗೆ ಕಾಣದ್ದನ್ನು ಹಿಡಿಯುವುದು ಹೇಗೆ? ಒಂದು ದಾರಿ ಹೈಡ್ರೋಫ್ಲೋರಿಕ್ ಆಸಿಡ್. ಅದು ಮುಚ್ಚಿದ ಪದರವನ್ನು ತಿಂದು, ಬಿರುಕಿನ ಬಾಯಿ ಅಗಲಿಸುತ್ತದೆ. ಬಲು ಅಪಾಯದ ಆಸಿಡ್, ಹುಡುಗಾಟದ ಮಾತಲ್ಲ. ನನಗೆ ಜಾಸ್ತಿ ಇಷ್ಟವಾದದ್ದು ಇಳಿಜಾರಿನ ಉಪಾಯ. ಮಾದರಿ ಗಾಜಿನ ಮೇಲೆ ತೀರಾ ಸಣ್ಣ ಇಳಿಜಾರು ಬರುವಂತೆ ಪಾಲಿಶ್ ಮಾಡುತ್ತಾರೆ. ಒಂದು ಮಿಲಿಮೀಟರ್ ಮುಂದೆ ಹೋದರೆ ಆಳ ಕೆಲವೇ ಮೈಕ್ರಾನ್. ಮೈಕ್ರೋಸ್ಕೋಪಿನಲ್ಲಿ ಆ ಇಳಿಜಾರಿನ ಗುಂಟ ಸಾಗಿದರೆ ಬಿರುಕುಗಳು ವಿರಳವಾಗುತ್ತಾ ಬಂದು, ಒಂದು ಕಡೆ ನಿಂತೇ ಹೋಗುತ್ತವೆ. ಅಲ್ಲಿಯವರೆಗಿನ ದೂರ ಅಳೆದರೆ ಆಳದ ಲೆಕ್ಕ ಸಿಕ್ಕಿತು. ಆದರೆ ಆ ಮಾದರಿ ಹಾಳಾದಂತೆಯೇ. ಗಾಜು ಕೆಡಿಸದೆ, ಚದುರಿದ ಬೆಳಕಿನಿಂದ ಪತ್ತೆ ಮಾಡುವ ವಿಧಾನಗಳೂ ಇವೆ. ಅವು ಬಿರುಕು ಇದೆ ಎಂದು ಸುಲಭವಾಗಿ ಹೇಳುತ್ತವೆ, ಎಷ್ಟು ಆಳ ಎಂದು ಹೇಳುವುದು ಕಷ್ಟ.

ಇನ್ನು ಬಿರುಕು ಕಡಿಮೆ ಮಾಡುವ ಮಾತು. ಪಾಲಿಶ್ ಹೊತ್ತು ಹೆಚ್ಚಿಸಿದರೆ ಸಾಕು ಅನ್ನುವವರಿದ್ದಾರೆ. ಅದು ಸುಮ್ನೆ ಸಮಯ ಹಾಳು, ಏಕೆಂದರೆ ಪಾಲಿಶ್ ಗಾಜನ್ನು ತೀರಾ ನಿಧಾನವಾಗಿ ತೆಗೆಯುತ್ತದೆ. ಕೆಲಸ ಸಾಣೆಯಲ್ಲೇ ಮುಗಿಯಬೇಕು. ದಪ್ಪ ಕಣದಿಂದ ಸಣ್ಣ ಕಣಕ್ಕೆ ಬರುವಾಗ, ಮೇಲ್ಮೈ ನಯವಾಯಿತು ಎಂದು ನಿಲ್ಲಿಸಬಾರದು. ಹಿಂದಿನ ಕಣ ಎಷ್ಟು ಆಳಕ್ಕೆ ಬಿರುಕು ಬಿಟ್ಟಿದೆಯೋ ಅಷ್ಟೂ ಗಾಜು ಹೋಗಬೇಕು. ಆ ಆಳ ಮೇಲೆ ಕಾಣುವ ಒರಟುತನದ ಹಲವು ಪಟ್ಟು ಇರುತ್ತದೆ. ಕೊನೆಗೆ ಮ್ಯಾಗ್ನೆಟೋರಿಯಾಲಜಿಕಲ್ ಪಾಲಿಶಿಂಗ್ ಮಾಡಿದರೆ ಇನ್ನೂ ಒಳ್ಳೆಯದು. ಅಲ್ಲಿ ಆಯಸ್ಕಾಂತಕ್ಕೆ ಗಟ್ಟಿಯಾಗುವ ದ್ರವ ಗಾಜನ್ನು ಒತ್ತುವುದಕ್ಕಿಂತ ಸವರಿಕೊಂಡು ಹೋಗುವುದೇ ಜಾಸ್ತಿ, ಹಾಗಾಗಿ ಹೊಸ ಬಿರುಕು ಹುಟ್ಟುವುದು ಅಪರೂಪ.

ಇಷ್ಟೆಲ್ಲ ಮಾಡಿಯೂ, ಹಿಂದಿನ ಹಂತದ ಒಂದೇ ಒಂದು ದಪ್ಪ ಕಣ ಪಾಲಿಶ್ ದ್ರವಕ್ಕೆ ಬಿದ್ದರೆ ಮುಗಿಯಿತು, ಗಾಜಿನ ಉದ್ದಕ್ಕೂ ಬಿರುಕಿನ ಸಾಲು. ಅದಕ್ಕೇ ಒಂದೊಂದು ಹಂತ ಮುಗಿದಾಗಲೂ ಗಾಜು, ಉಪಕರಣ, ಕೈ, ಎಲ್ಲವನ್ನೂ ತೊಳೆಯುತ್ತಾರೆ.