ಮೈಕಿನ ಮುಂದೆ ತಗ್ಗಿದ ದನಿ: ಜಾಝ್ ಗಾಯಕಿಯರ ಧ್ವನಿಮುದ್ರಿಕೆಗಳು

ಕೇಳುಗರಿಗೆ ನಮಸ್ಕಾರ.

ಜಾಝ್ ಎಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ತುತ್ತೂರಿ, ಡ್ರಮ್ಮು, ಕುಣಿತ ಮತ್ತು ಸಾಕಷ್ಟು ಗದ್ದಲ ನೆನಪಾಗಬಹುದು. ಅಂಥ ಜಾಝ್ ಕೂಡ ಇದೆ. ಅದನ್ನು ಇನ್ನೊಬ್ಬರು ಇನ್ನೊಂದು ದಿನ ಹೇಳಲಿ. ಕಳೆದ ಶತಮಾನದ ಮೂವತ್ತರ ದಶಕದಿಂದೀಚೆಗೆ ಅಮೆರಿಕದ ಕೆಲವು ಗಾಯಕಿಯರು ಮೈಕಿನ ತೀರ ಸಮೀಪ ನಿಂತು, ಹೆಚ್ಚುಕಡಿಮೆ ಮಾತನಾಡುವ ಮಟ್ಟದಲ್ಲಿಯೇ, ಹಲವು ಬಾರಿ ಒಂದೆರಡು ವಾದ್ಯಗಳನ್ನಷ್ಟೇ ಜೊತೆಗಿಟ್ಟುಕೊಂಡು ಹಾಡಿದ ಧ್ವನಿಮುದ್ರಿಕೆಗಳು ಈ ಹೊತ್ತಿನ ನನ್ನ ವಿಷಯ. ಭಾಷೆ ಪೂರ್ತಿ ತಿಳಿಯದವರ ಎದೆಯನ್ನೂ ಅವು ಏಕೆ ಹಿಂಡುತ್ತವೆ ಎಂದು ಜನ ನನ್ನನ್ನು ಕೇಳುತ್ತಾರೆ. ಧ್ವನಿಮುದ್ರಣದ ಕೊಠಡಿಯಲ್ಲಿ ಬಹುಕಾಲ ದುಡಿದ ನನ್ನ ಬಳಿ ಇದಕ್ಕೆ ಒಂದೇ ಉತ್ತರವಿದೆ. ಅದನ್ನು ಈ ಭಾಷಣದಲ್ಲಿ ಮತ್ತೆ ಮತ್ತೆ ಹೇಳಲಿದ್ದೇನೆ, ಬೇಸರಿಸಬಾರದು. ದನಿ ತಗ್ಗಿದಾಗ ಕೇಳುವವರು ಹತ್ತಿರ ಬರುತ್ತಾರೆ.

ಈ ಮಾತು ಮನಸ್ಸಿಗೆ ಹತ್ತಬೇಕಾದರೆ ಮೈಕ್ ಇಲ್ಲದ ಕಾಲವನ್ನು ಸ್ವಲ್ಪ ನೆನೆಯಬೇಕು. 1925ಕ್ಕಿಂತ ಮೊದಲು ಗ್ರಾಮಫೋನ್ ತಟ್ಟೆಗೆ ಹಾಡುವವರು ಒಂದು ದೊಡ್ಡ ಕೊಂಬಿನ ಬಾಯಿಗೆ ಮುಖವೊಡ್ಡಿ ಹಾಡುತ್ತಿದ್ದರು. ಅಲ್ಲಿ ವಿದ್ಯುತ್ತಿನ ನೆರವು ಇರಲಿಲ್ಲ. ಹಾಡುವವರ ದನಿಯ ಬಲವೇ ಕೊಂಬಿನ ಕೊನೆಯಲ್ಲಿದ್ದ ತೆಳುಪೊರೆಯನ್ನು ಅಲುಗಿಸಬೇಕು, ಆ ಪೊರೆ ಮೊಳೆಯನ್ನು ಅಲುಗಿಸಬೇಕು, ಮೊಳೆ ಮೇಣದ ತಟ್ಟೆಯಲ್ಲಿ ಗೀರು ಕೊರೆಯಬೇಕು. ಮೆಲ್ಲಗೆ ಹಾಡಿದರೆ ಮೇಣದಲ್ಲಿ ಗೀರೇ ಬೀಳುತ್ತಿರಲಿಲ್ಲ. 1923ರಲ್ಲಿ ತಮ್ಮ ಮೊದಲ ತಟ್ಟೆ ಕೊಟ್ಟ ಗಾಯಕಿ ಬೆಸ್ಸಿ ಸ್ಮಿತ್ ಅವರದು ಡೇರೆಗಳಲ್ಲಿಯೂ ರಂಗಮಂದಿರಗಳಲ್ಲಿಯೂ ಹಿಂದಿನ ಸಾಲಿನವರನ್ನು ಮುಟ್ಟುತ್ತಿದ್ದ ಭಾರಿ ಕಂಠವಾದ್ದರಿಂದ ಅವರು ಆ ಕೊಂಬನ್ನೂ ಗೆದ್ದರು. ಸಣ್ಣ ಕಂಠದವರಿಗೆ ಅಲ್ಲಿ ಜಾಗವಿರಲಿಲ್ಲ.

1925ರಲ್ಲಿ ಅಮೆರಿಕದ ಕಂಪನಿಗಳು ಮೈಕ್ರೋಫೋನ್ ಬಳಸಿ ಧ್ವನಿಮುದ್ರಿಸಲು ತೊಡಗಿದವು. ಮೂವತ್ತರ ದಶಕದಲ್ಲಿ ರಿಬ್ಬನ್ ಮೈಕುಗಳು ಬಂದವು. ಅಯಸ್ಕಾಂತದ ಎರಡು ಧ್ರುವಗಳ ನಡುವೆ ತೂಗುಬಿಟ್ಟ, ಕೂದಲಿಗಿಂತಲೂ ತೆಳುವಾದ ಅಲ್ಯುಮಿನಿಯಂ ಪಟ್ಟಿ ಅದರ ಜೀವ. ಇಂಥ ಮೈಕಿಗೆ ಬಾಯಿ ಸಮೀಪವಾದಂತೆಲ್ಲ ಕಂಠದ ಕೆಳಗಿನ ನಾದ ತಾನಾಗಿಯೇ ತುಂಬಿಕೊಳ್ಳುತ್ತದೆ. ಇದರಲ್ಲಿ ಮಾಯಮಂತ್ರವಿಲ್ಲ, ಶುದ್ಧ ಭೌತಶಾಸ್ತ್ರ. ಉಸಿರೆಳೆದ ಸದ್ದು, ತುಟಿ ಬೇರ್ಪಟ್ಟ ಸದ್ದು, ಪದದ ಕೊನೆಯಲ್ಲಿ ದನಿ ಸವೆದುಹೋಗುವ ರೀತಿ, ಎಲ್ಲವೂ ಅಚ್ಚಾಗುತ್ತವೆ. ಈಗ ನೀವೇ ಯೋಚಿಸಿ. ನಿಜಜೀವನದಲ್ಲಿ ಇನ್ನೊಬ್ಬರ ಉಸಿರು ನಮ್ಮ ಕಿವಿಗೆ ಬೀಳುವುದು ಯಾವಾಗ? ತಾಯಿ ಮಗ್ಗುಲಲ್ಲಿ ಮಲಗಿಸಿಕೊಂಡಾಗ, ಮಗು ಗುಟ್ಟು ಹೇಳಲು ಬಂದಾಗ, ಬಾಳಸಂಗಾತಿ ಕತ್ತಲಲ್ಲಿ ಮಾತನಾಡಿದಾಗ. ಕಿವಿ ದೂರವನ್ನು ಬಹಳ ಚೆನ್ನಾಗಿ ಅಳೆಯುತ್ತದೆ. ಗೇಣಿನಷ್ಟು ದೂರದಿಂದ ಬಂದ ದನಿಯನ್ನು ಅದು ಪರಕೀಯರದೆಂದು ನಂಬುವುದೇ ಇಲ್ಲ. ಆದ್ದರಿಂದಲೇ ಹೇಳುತ್ತೇನೆ, ದನಿ ತಗ್ಗಿದಾಗ ಕೇಳುವವರು ಹತ್ತಿರ ಬರುತ್ತಾರೆ.

ಇದಕ್ಕೆ ನನಗೆ ಬಹಳ ಪ್ರಿಯವಾದ ಪ್ರಸಂಗವೊಂದಿದೆ; ವಿಸ್ತಾರವಾಗಿಯೇ ಹೇಳುತ್ತೇನೆ. 1920ರಲ್ಲಿ ಅಮೆರಿಕದ ಉತ್ತರದ ಅಂಚಿನ ನಾರ್ತ್ ಡಕೋಟಾ ರಾಜ್ಯದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ ನಾರ್ಮಾ ಡೆಲೋರಿಸ್ ಎಗ್‌ಸ್ಟ್ರಾಮ್ ಎಂಬ ಹುಡುಗಿ ಹುಟ್ಟಿದಳು. ತಂದೆ ರೈಲ್ವೆಯಲ್ಲಿ ಸ್ಟೇಷನ್ ಏಜೆಂಟ್. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡರು. ಮಲತಾಯಿಯ ಕೈಯಲ್ಲಿ ಪೆಟ್ಟು ತಿಂದು ಬೆಳೆದೆನೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹದಿಹರೆಯದಲ್ಲಿಯೇ ಸುತ್ತಲಿನ ಊರುಗಳ ಬಾನುಲಿ ನಿಲಯಗಳಲ್ಲಿ ಹಾಡತೊಡಗಿದ ಈ ಹುಡುಗಿಗೆ 1937ರಲ್ಲಿ ಫಾರ್ಗೋ ನಗರದ ನಿಲಯದ ಅಧಿಕಾರಿಯೊಬ್ಬರು ಪೆಗ್ಗಿ ಲೀ ಎಂದು ಹೆಸರಿಟ್ಟರು. ಜಗತ್ತಿಗೆ ಅವರ ಪರಿಚಯವಿರುವುದು ಬಾನುಲಿ ಇಟ್ಟ ಆ ಹೆಸರಿನಿಂದಲೇ ಎಂಬುದನ್ನು ಬಾನುಲಿಯಲ್ಲಿಯೇ ಹೇಳುವುದು ನನಗೆ ಸಂತೋಷದ ಸಂಗತಿ.

ನಲವತ್ತರ ದಶಕದ ಆರಂಭದಲ್ಲಿ ಪೆಗ್ಗಿ ಲೀ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ಎಂಬ ಮರುಭೂಮಿಯ ಊರಿನಲ್ಲಿ, ಡಾಲ್ ಹೌಸ್ ಎಂಬ ಹೆಸರಿನ ಕ್ಲಬ್ಬಿನಲ್ಲಿ ಹಾಡುತ್ತಿದ್ದರು. ಹಾಲಿವುಡ್ಡಿನ ಸಿನಿಮಾದವರು ವಿಹಾರಕ್ಕೆ ಬರುತ್ತಿದ್ದ ಊರು ಅದು. ಉಣ್ಣುವವರು, ಕುಡಿಯುವವರು, ಹರಟುವವರು. ಹಾಡುವ ಹುಡುಗಿಯ ಕಡೆಗೆ ತಿರುಗಿಯೂ ನೋಡದ ಜನ. ಅವರನ್ನು ಮೀರಿಸಿ ಕೂಗಿ ಹಾಡುವ ಕಂಠಬಲ ಪೆಗ್ಗಿ ಲೀ ಅವರಿಗಿರಲಿಲ್ಲ; ಸ್ವಭಾವತಃ ನಾಚಿಕೆಯವರು ಬೇರೆ. ಬೇರೆ ಯಾರಾದರೂ ಆಗಿದ್ದರೆ ಗಂಟಲು ಹರಿಯುವಂತೆ ಹಾಡುತ್ತಿದ್ದರು ಅಥವಾ ಕೆಲಸ ಬಿಟ್ಟು ಹೋಗುತ್ತಿದ್ದರು. ಅವರು ದನಿಯನ್ನು ಇಳಿಸಿದರು. ಗದ್ದಲ ಏರಿದಷ್ಟೂ ಅವರು ಇಳಿದರು. ಈಕೆ ಏನು ಹಾಡುತ್ತಿದ್ದಾಳೆ ಎಂದು ಜನರಿಗೆ ಕುತೂಹಲ ಹುಟ್ಟಿ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಒಂದು ಮೇಜು ಸುಮ್ಮನಾದರೆ ಪಕ್ಕದ ಮೇಜಿನವರಿಗೆ ತಮ್ಮ ಮಾತೇ ಜೋರೆನಿಸಿ ಅವರೂ ಸುಮ್ಮನಾಗುತ್ತಾರಲ್ಲವೇ? ಇಪ್ಪತ್ತರ ಹರೆಯದಲ್ಲಿ ಕಂಡುಕೊಂಡ ಈ ಉಪಾಯವನ್ನು ಪೆಗ್ಗಿ ಲೀ ಬದುಕಿಡೀ ಬಿಡಲಿಲ್ಲ.

ಆ ಕ್ಲಬ್ಬಿನಲ್ಲಿ ಅವರನ್ನು ಕೇಳಿದ ಷಿಕಾಗೋದ ಹೋಟೆಲ್ ಮಾಲೀಕರೊಬ್ಬರು ತಮ್ಮ ಹೋಟೆಲಿಗೆ ಕರೆಸಿಕೊಂಡರು. ಅಲ್ಲಿ 1941ರಲ್ಲಿ ಅವರನ್ನು ಕೇಳಿದವರು ಆ ಕಾಲದ ಅತಿ ಪ್ರಸಿದ್ಧ ವಾದ್ಯವೃಂದದ ಒಡೆಯ, ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್. ಅವರ ವೃಂದದ ಗಾಯಕಿ ಹೆಲೆನ್ ಫಾರೆಸ್ಟ್ ಬಿಟ್ಟುಹೋಗುವವರಿದ್ದರು. ಆ ಸ್ಥಾನ ಪೆಗ್ಗಿ ಲೀ ಅವರಿಗೆ ಸಿಕ್ಕಿತು. ಆ ವೃಂದಗಳಲ್ಲಿ ಗಾಯಕಿಯ ಸ್ಥಿತಿ ಹೇಗಿತ್ತೆಂದರೆ, ಚೆಂದದ ಉಡುಪು ತೊಟ್ಟು ವಾದ್ಯಗಾರರ ಮುಂದೊಂದು ಕುರ್ಚಿಯಲ್ಲಿ ಕುಳಿತಿರಬೇಕು, ಕರೆದಾಗ ಎದ್ದು ಹಾಡಿನ ತನ್ನ ಪಾಲನ್ನು ಹಾಡಿ ಮತ್ತೆ ಕುಳಿತುಕೊಳ್ಳಬೇಕು. ಅಂಥ ಕುರ್ಚಿಯಿಂದ ಎದ್ದು ಬಂದವರು 1958ರಲ್ಲಿ ಏನು ಮಾಡಿದರು, ಕೇಳಿ. ಎರಡು ವರ್ಷ ಹಿಂದೆ ಲಿಟಲ್ ವಿಲ್ಲಿ ಜಾನ್ ಎಂಬ ಗಾಯಕ ಪೂರ್ಣ ಮೇಳದೊಂದಿಗೆ ಹಾಡಿ ಹೆಸರು ಮಾಡಿದ್ದ 'ಫೀವರ್' ಎಂಬ ಹಾಡನ್ನು ಎತ್ತಿಕೊಂಡು, ಮೇಳವನ್ನು ಪೂರ್ತಿ ಹೊರಗಿಟ್ಟರು. ಉಳಿದದ್ದು ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯ, ಮಿತವಾಗಿ ಮುಟ್ಟುವ ಡ್ರಮ್, ಬೆರಳಿನ ಚಿಟಿಕೆ ಮತ್ತು ಅವರ ಕಂಠ. ಪಿಯಾನೋ ಇಲ್ಲ, ತುತ್ತೂರಿ ಇಲ್ಲ, ಪಿಟೀಲುಗಳಿಲ್ಲ. ಹಾಡು ಮುಂದುವರಿದಂತೆ ಶ್ರುತಿ ಅರ್ಧ ಸ್ವರದಷ್ಟು ಮೇಲೇರುತ್ತದೆ, ಡ್ರಮ್ ಒಮ್ಮೊಮ್ಮೆ ಗದರಿಸುತ್ತದೆ. ಅವರು ಮಾತ್ರ ಕೂಗುವುದಿಲ್ಲ. ವಾದ್ಯಗಳನ್ನು ಸೇರಿಸಿ ಸೇರಿಸಿ ಭಾವವನ್ನು ಕಟ್ಟುತ್ತೇವೆಂದು ನಂಬಿರುವ ಸಂಗೀತ ಸಂಯೋಜಕರು ಇದನ್ನೊಮ್ಮೆ ಕೂತು ಕೇಳಬೇಕು ಎಂಬುದು ನನ್ನ ಸವಿನಯ, ಆದರೆ ಗಟ್ಟಿಯಾದ ಅಭಿಪ್ರಾಯ.

ಈ ಒಂದು ಪ್ರಸಂಗಕ್ಕೇ ನನ್ನ ಸಮಯದ ದೊಡ್ಡ ಪಾಲು ಹೋಯಿತು. ಇನ್ನು ಬಿಲ್ಲಿ ಹಾಲಿಡೇ ಅವರನ್ನು ನೆನೆಯದೆ ಈ ವಿಷಯ ಮಾತನಾಡುವುದು ಸಾಧ್ಯವೇ ಇಲ್ಲ.

1915ರಲ್ಲಿ ಹುಟ್ಟಿದ, ಬಾಲ್ಟಿಮೋರಿನ ಬಡತನದಲ್ಲಿ ಬೆಳೆದ ಈ ಕಪ್ಪು ಮಹಿಳೆಗೆ ಸಂಗೀತದ ಶಾಸ್ತ್ರೀಯ ಶಿಕ್ಷಣವಿರಲಿಲ್ಲ. ಕಂಠದ ವ್ಯಾಪ್ತಿ ಒಂದು ಸ್ಥಾಯಿಗಿಂತ ಸ್ವಲ್ಪವೇ ಹೆಚ್ಚು. ಇಂದಿನ ಟಿ.ವಿ. ಸ್ಪರ್ಧೆಗಳ ತೀರ್ಪುಗಾರರ ಮುಂದೆ ನಿಂತಿದ್ದರೆ ತಾರಸ್ಥಾಯಿ ಮುಟ್ಟಲಿಲ್ಲವೆಂದು ಮೊದಲ ಸುತ್ತಿನಲ್ಲಿಯೇ ಮನೆಗೆ ಕಳುಹಿಸುತ್ತಿದ್ದರು. ಆದರೆ ತಾಳಕ್ಕಿಂತ ತುಸು ಹಿಂದೆ ಉಳಿದು, ಇನ್ನು ಬೀಳುವುದೇ ಇಲ್ಲವೇನೋ ಎನ್ನಿಸಿದಾಗ ಪದವನ್ನು ಸರಿಯಾದ ಜಾಗದಲ್ಲಿ ಇಳಿಸುವ ಅವರ ರೀತಿ, ಹೇಳಲೋ ಬೇಡವೋ ಎಂದು ಅಳೆದು ಮಾತನಾಡುವವರ ರೀತಿಯೇ ಆಗಿತ್ತು. ಲೆಸ್ಟರ್ ಯಂಗ್ ಅವರ ಸ್ಯಾಕ್ಸೋಫೋನ್ ಜೊತೆಗೂಡಿದ ಮೂವತ್ತರ ದಶಕದ ಮುದ್ರಿಕೆಗಳಲ್ಲಿ ಕಂಠ ಒಂದು ಮಾತು ಆಡುತ್ತದೆ, ವಾದ್ಯ ಅದಕ್ಕೆ ಉತ್ತರಿಸುತ್ತದೆ.

1939ರಲ್ಲಿ ಅವರು ನ್ಯೂಯಾರ್ಕಿನ ಕೆಫೆ ಸೊಸೈಟಿ ಎಂಬ ಕ್ಲಬ್ಬಿನಲ್ಲಿ 'ಸ್ಟ್ರೇಂಜ್ ಫ್ರೂಟ್' ಎಂಬ ಹಾಡನ್ನು ಹಾಡತೊಡಗಿದರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದು ಮರಗಳಿಗೆ ನೇತುಹಾಕುತ್ತಿದ್ದ ಕ್ರೌರ್ಯವನ್ನು ಕುರಿತು ಏಬಲ್ ಮೀರೊಪೋಲ್ ಎಂಬ ಶಾಲಾ ಶಿಕ್ಷಕರು ಬರೆದ ಹಾಡು ಅದು. ಆ ಹಾಡು ಬಂದಾಗ ಪರಿಚಾರಕರು ಬಡಿಸುವುದನ್ನು ನಿಲ್ಲಿಸಬೇಕು, ದೀಪಗಳು ಆರಬೇಕು, ಗಾಯಕಿಯ ಮುಖದ ಮೇಲೆ ಮಾತ್ರ ಒಂದು ಬೆಳಕು ಉಳಿಯಬೇಕು, ಅದಾದ ಮೇಲೆ ಮತ್ತೊಂದು ಹಾಡಿಲ್ಲ. ಇದು ಅಲ್ಲಿನ ಕಟ್ಟಳೆ. ಅವರೊಂದಿಗೆ ಒಪ್ಪಂದವಿದ್ದ ಕೊಲಂಬಿಯಾ ಕಂಪನಿ ಇದನ್ನು ಮುದ್ರಿಸಲು ಒಲ್ಲೆನೆಂದಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕಮಡೋರ್ ಎಂಬ ಸಣ್ಣ ಸಂಸ್ಥೆಗಾಗಿ ಮುದ್ರಣವಾಯಿತು. ಇಂಥ ವಿಷಯಕ್ಕೆ ಯಾರಾದರೂ ಸಿಟ್ಟಿನಿಂದ ಅಬ್ಬರಿಸಬಹುದಿತ್ತು. ಅಬ್ಬರಿಸಿದ್ದರೆ ಅದು ಸಭೆಯ ಘೋಷಣೆಯಾಗುತ್ತಿತ್ತು, ಕೇಳಿದವರು ಚಪ್ಪಾಳೆ ತಟ್ಟಿ ಮರೆಯುತ್ತಿದ್ದರು. ಬಿಲ್ಲಿ ಹಾಲಿಡೇ ಅದನ್ನು ತಾವು ಕಣ್ಣಾರೆ ಕಂಡದ್ದನ್ನು ನಿಮಗೊಬ್ಬರಿಗೇ ಹೇಳುವವರಂತೆ ಹಾಡಿದರು. ದನಿ ತಗ್ಗಿದಾಗ ಕೇಳುವವರು ಹತ್ತಿರ ಬರುತ್ತಾರೆ, ಹತ್ತಿರ ಬಂದವರಿಗೆ ಮುಖ ತಿರುಗಿಸಿಕೊಳ್ಳಲು ಜಾಗವಿರುವುದಿಲ್ಲ.

1958ರ ಫೆಬ್ರವರಿಯಲ್ಲಿ, ಸಾವಿಗೆ ಒಂದೂವರೆ ವರ್ಷವೂ ಇಲ್ಲದಾಗ, ಅವರು 'ಲೇಡಿ ಇನ್ ಸ್ಯಾಟಿನ್' ಎಂಬ ಆಲ್ಬಮ್ಮಿಗೆ ಹಾಡಿದರು. ಮದ್ಯ ಮತ್ತು ಮಾದಕವಸ್ತುಗಳಿಂದ ಕಂಠ ಬಿರುಕು ಬಿಟ್ಟಿತ್ತು. ಹಿಂದೆ ತಂತಿವಾದ್ಯಗಳ ನುಣುಪು, ಮುಂದೆ ಆ ಒರಟಾದ ಕಂಠ. ವಾದ್ಯಸಂಯೋಜನೆ ಮಾಡಿದ ರೇ ಎಲ್ಲಿಸ್ ಅವರಿಗೆ ಮುದ್ರಣದ ಹೊತ್ತಿನಲ್ಲಿ ಈ ಗಾಯನ ತೃಪ್ತಿ ಕೊಡಲಿಲ್ಲ. ಮುಂದೆ ಸಿದ್ಧವಾದ ರೂಪವನ್ನು ಕೇಳಿದಾಗಲಷ್ಟೇ ಅದರ ದೊಡ್ಡತನ ತಮಗೆ ತಿಳಿಯಿತೆಂದು, ಅಲ್ಲಿಯವರೆಗೆ ಸ್ವರಗಳನ್ನಷ್ಟೇ ಕೇಳುತ್ತಿದ್ದೆನೆಂದು ಅವರೇ ಹೇಳಿದ್ದಾರೆ.

ಉಳಿದವರನ್ನು ಅವಸರದಲ್ಲಿ ಹೇಳಬೇಕಾಗಿದೆ. ಜೂಲಿ ಲಂಡನ್ ಚಿತ್ರನಟಿ. 1955ರ ಅವರ ಮೊದಲ ಆಲ್ಬಮ್ಮಿನಲ್ಲಿ ಜೊತೆಗಿದ್ದದ್ದು ಬಾರ್ನಿ ಕೆಸೆಲ್ ಅವರ ಗಿಟಾರು ಮತ್ತು ರೇ ಲೆದರ್‌ವುಡ್ ಅವರ ಬೇಸ್, ಎರಡೇ. ತಮ್ಮ ಕಂಠ ದರ್ಜಿಗಳು ಬೆರಳ ತುದಿಗೆ ತೊಡುವ ಲೋಹದ ಟೋಪಿಯಲ್ಲಿ ಹಿಡಿಯುವಷ್ಟೇ ಇದೆ, ಆದ್ದರಿಂದ ಮೈಕಿನ ಹತ್ತಿರ ಹಾಡುವುದು ಅನಿವಾರ್ಯ ಎಂದು ಅವರು ಹೇಳಿದ್ದುಂಟು. 1948ರಲ್ಲಿ ಬಂದ ಎಲ್‌ಪಿ ತಟ್ಟೆಯ ಉಪಕಾರವನ್ನೂ ಇಲ್ಲಿ ನೆನೆಯಬೇಕು: ಹಳೆಯ ತಟ್ಟೆ ಮೂರು ನಿಮಿಷಕ್ಕೆ ಮುಗಿಯುತ್ತಿತ್ತು, ಎಲ್‌ಪಿಯ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಗಳ ಕಾಲ ಒಂದೇ ಮನಃಸ್ಥಿತಿಯನ್ನು ಉಳಿಸಿಕೊಳ್ಳಬಹುದಾಯಿತು. ವಾಷಿಂಗ್ಟನ್ನಿನ ಶರ್ಲಿ ಹಾರ್ನ್ ತಾವೇ ಪಿಯಾನೋ ನುಡಿಸುತ್ತ, ಬೇರೆಯವರು ಧೈರ್ಯ ಮಾಡದಷ್ಟು ವಿಳಂಬ ಲಯದಲ್ಲಿ ಹಾಡಿದರು. ಮೈಲ್ಸ್ ಡೇವಿಸ್ ಅವರಂಥ ಮಹಾ ತುತ್ತೂರಿವಾದಕರು 1960ರಲ್ಲಿಯೇ ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡಿದ್ದರು. ಮಗಳನ್ನು ಬೆಳೆಸುವುದಕ್ಕಾಗಿ ಹಾರ್ನ್ ಬಹುಕಾಲ ತಮ್ಮ ಊರಿನಲ್ಲಿಯೇ ಉಳಿದರು. 1991ರಲ್ಲಿ, ಡೇವಿಸ್ ತೀರಿಕೊಂಡ ವರ್ಷದಲ್ಲಿ, ಇಬ್ಬರೂ ಕೂಡಿ ನುಡಿಸಿದ ಮುದ್ರಿಕೆ ಹೊರಬಂತು. ಅವರ ಹಾಡಿನಲ್ಲಿ ಪದಗಳ ನಡುವಿನ ಮೌನವನ್ನು ಗಮನಿಸಿ.

ಕೊನೆಗೆ, ಕೇಳುವ ಬಗೆಯ ಕುರಿತು ಎರಡು ಮಾತು. ದೊಡ್ಡ ಹೋಟೆಲುಗಳಲ್ಲಿ, ಕಾಫಿ ಅಂಗಡಿಗಳಲ್ಲಿ, ಲಿಫ್ಟುಗಳಲ್ಲಿ ಕೂಡ ಈ ಮುದ್ರಿಕೆಗಳನ್ನು ಹಿನ್ನೆಲೆಗೆ ಹಾಕುತ್ತಾರೆ. ಅದನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ; ನಿಮ್ಮ ಕಿವಿಯೊಂದಕ್ಕಾಗಿಯೇ ಹಾಡಿದ್ದನ್ನು ತಟ್ಟೆ ಲೋಟಗಳ ಸದ್ದಿನಡಿ ಹಾಸಿ ತುಳಿಯುವುದು ಯಾವ ಸೀಮೆಯ ರಸಿಕತೆ? ದಯವಿಟ್ಟು ಒಬ್ಬರೇ ಕೇಳಿ. ಇಂಗ್ಲಿಷ್ ಬಾರದು ಎಂಬ ಅಳುಕು ಬೇಡ; ಉಸಿರು ಎಲ್ಲಿ ತಡೆಯಿತು, ಪದ ಎಲ್ಲಿ ತಡವಾಯಿತು ಎಂಬುದನ್ನಷ್ಟೇ ಹಿಂಬಾಲಿಸಿದರೆ ಸಾಕು. ಮತ್ತು ಧ್ವನಿಯ ಗುಂಡಿಯನ್ನು ಹೆಚ್ಚು ತಿರುಗಿಸಬೇಡಿ; ಗಾಯಕಿ ತಗ್ಗಿಸಿದ್ದನ್ನು ನಾವು ಏರಿಸಿ ಕೇಳಬಾರದು. ಮೊದಲು ಜೂಲಿ ಲಂಡನ್, ಆಮೇಲೆ ಪೆಗ್ಗಿ ಲೀ, ಅನಂತರ ಶರ್ಲಿ ಹಾರ್ನ್. ಬಿಲ್ಲಿ ಹಾಲಿಡೇ ಅವರ 1958ರ ಆಲ್ಬಮ್ಮನ್ನು ಮಾತ್ರ ಮೊದಲ ದಿನವೇ ಹಾಕಬೇಡಿ. ಅವರ ಮೂವತ್ತರ ದಶಕದ ಹಾಡುಗಳನ್ನು ಕೆಲವು ವಾರ ಕೇಳಿ, ಆ ಕಂಠದ ಎಳೆಯ ರೂಪದ ಪರಿಚಯ ಚೆನ್ನಾಗಿ ಆದ ಮೇಲೆ ಅದಕ್ಕೆ ಬನ್ನಿ. ನಮಸ್ಕಾರ.