ಬಾಟಲಿ ಕೊಡುವ ಮುಂಚೆ

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಮೈಕ್ರೋಬಯಾಲಜಿಸ್ಟ್. ದಿನವಿಡೀ ಬೇರೆಯವರ ಮೂತ್ರ, ಕಫ, ಕೀವು ನೋಡುವುದೇ ನನ್ನ ಕೆಲಸ. ಊಟಕ್ಕೆ ಕೂತು ರೇಡಿಯೋ ಹಾಕಿದವರು ಕ್ಷಮಿಸಬೇಕು, ಇವತ್ತಿನ ಮಾತು ಮೂತ್ರದ್ದೇ. ವಯಸ್ಸಾದವರಿಗೆ ಮೂತ್ರದ ಸೋಂಕು ಆಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ ಅನ್ನೋದು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಅತ್ತೆ ಇದ್ದಾರೆ, 82 ವರ್ಷ. ಒಂದು ಬೆಳಗ್ಗೆ ಎದ್ದವರೇ ನನ್ನನ್ನು ತಮ್ಮ ತಂಗಿ ಅಂದುಕೊಂಡರು. "ಸಂಪಿಗೆ ರಸ್ತೆಗೆ ಹೂ ತರೋಕೆ ಹೋಗಿದ್ದೆಯಲ್ಲ, ಯಾವಾಗ ಬಂದೆ?" ಎಂದರು. ಆ ತಂಗಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ನನ್ನ ತಲೆಗೆ ಹೊಳೆದಿದ್ದು ಒಂದೇ: ಯೂರಿನ್ ಇನ್ಫೆಕ್ಷನ್. ಬಾಟಲಿ ಹಿಡಿಸಿದೆ, ಲ್ಯಾಬಿಗೆ ಒಯ್ದೆ, ಕಲ್ಚರ್ ಹಾಕಿದೆ, ಅಂದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಪ್ಲೇಟಿನ ಮೇಲೆ ಬೆಳೆಸಿ ನೋಡುವುದು. ಮಾರನೆಯ ದಿನ ಪ್ಲೇಟಿನ ತುಂಬ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ. ಸಿಕ್ಕಿತಲ್ಲ ಅಂತ ನನಗೆ ಸಮಾಧಾನ. ಫೋನಿನಲ್ಲೇ ಡಾಕ್ಟರ ಹತ್ತಿರ ಆಂಟಿಬಯಾಟಿಕ್ ಬರೆಸಿಕೊಂಡೆ.

ಮೂರು ದಿನ ಮಾತ್ರೆ ನುಂಗಿಸಿದರೂ ಗಲಿಬಿಲಿ ಹಾಗೇ ಇತ್ತು. ಮೇಲಿಂದ ಭೇದಿ ಬೇರೆ. ಕೊನೆಗೆ ಡಾಕ್ಟರು ಮನೆಗೆ ಬಂದರು. ರಿಪೋರ್ಟ್ ಕಡೆ ನೋಡಲೇ ಇಲ್ಲ. "ಅಮ್ಮಾ, ಒಂದಕ್ಕೆ ಹೋದಾಗ ಉರಿ ಇತ್ತಾ?" ಎಂದು ಕೇಳಿದರು. ಇರಲಿಲ್ಲ. ಚಳಿ, ಜ್ವರ? ಅದೂ ಇಲ್ಲ. ಆಮೇಲೆ ಮಾತ್ರೆಗಳ ಡಬ್ಬಿ ತರಿಸಿ ಹಾಸಿಗೆ ಮೇಲೆ ಸುರಿದರು. ಬಿ.ಪಿ. ಮಾತ್ರೆ, ಶುಗರ್ ಮಾತ್ರೆಗಳ ನಡುವೆ ಅರ್ಧ ಖಾಲಿಯಾದ ನೆಗಡಿ ಮಾತ್ರೆಯ ಸ್ಟ್ರಿಪ್ ಒಂದಿತ್ತು. ವಾರದಿಂದ ಅತ್ತೆ ತಾವೇ ನುಂಗುತ್ತಿದ್ದರು. ಕೆಲವು ನೆಗಡಿ ಮಾತ್ರೆಗಳು ವಯಸ್ಸಾದವರ ತಲೆಗೆ ಮಂಕು ಕವಿಸುತ್ತವೆ, ಮೂತ್ರ ಕಟ್ಟಿಸಲೂಬಹುದು. ಸಾಲದ್ದಕ್ಕೆ, ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆಯ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಆ ಮಾತ್ರೆ ಬಿಡಿಸಿ, ನೀರು ಮಜ್ಜಿಗೆ ಕೊಟ್ಟ ಮೇಲೆ ಎರಡು ದಿನಕ್ಕೆ ಸರಿಹೋದರು.

ಹಾಗಾದರೆ ನನ್ನ ಪ್ಲೇಟಿನಲ್ಲಿ ಬೆಳೆದ ಇ. ಕೋಲೈ ಸುಳ್ಳಾ? ಸುಳ್ಳಲ್ಲ. ಅದು ಅಲ್ಲೇ ಇತ್ತು, ಆದರೆ ಕಾಯಿಲೆ ಮಾಡುತ್ತಿರಲಿಲ್ಲ.

ನಾವು ಕಲ್ಚರ್ ಹಾಕುವುದು ಹೀಗೆ. ತಂತಿಯ ತುದಿಯಲ್ಲಿ ಒಂದು ಪುಟ್ಟ ಬಳೆ. ಅದನ್ನು ಅದ್ದಿದರೆ ಒಂದು ಎಂ.ಎಲ್.ನ ಸಾವಿರದ ಒಂದು ಪಾಲು ಮೂತ್ರ ಹಿಡಿಯುತ್ತದೆ. ಪ್ಲೇಟಿಗೆ ಗೀಚಿ, ರಾತ್ರಿಯೆಲ್ಲ 37 ಡಿಗ್ರಿಯಲ್ಲಿಟ್ಟರೆ ಬೆಳಗ್ಗೆ ಚುಕ್ಕಿ ಚುಕ್ಕಿ ಎದ್ದಿರುತ್ತದೆ. ಮೆಕಾಂಕಿ ಅನ್ನುವ ಪ್ಲೇಟಾದರೆ ಇ. ಕೋಲೈ ಗುಲಾಬಿ ಬಣ್ಣ. ನೂರು ಚುಕ್ಕಿ ಎಣಿಸಿದರೆ ಎಂ.ಎಲ್.ಗೆ 1 ಲಕ್ಷ ಎಂದು ಲೆಕ್ಕ. ಈ ಲಕ್ಷದ ಗೆರೆ ಬಂದಿದ್ದು 1950ರ ದಶಕದಲ್ಲಿ, ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್ ಅವರ ಕೆಲಸದಿಂದ. ಚರ್ಮದಿಂದ ಸೇರಿಕೊಂಡ ಕೊಳೆ ಯಾವುದು, ಮೂತ್ರದ ಚೀಲದಲ್ಲೇ ಬೆಳೆದದ್ದು ಯಾವುದು ಎಂದು ಬೇರೆ ಮಾಡಲು ಅದು ನೆರವಾಯಿತು. ಆ ಮನುಷ್ಯನಿಗೆ ತೊಂದರೆ ಇದೆಯಾ ಅನ್ನೋದು ಪ್ಲೇಟಿಗೆ ಹೇಗೆ ಗೊತ್ತಾಗಬೇಕು?

ಮನೆಯಲ್ಲೇ ಓಡಾಡಿಕೊಂಡಿರುವ, 70 ದಾಟಿದ ಹೆಂಗಸರಲ್ಲಿ ನೂರಕ್ಕೆ ಸುಮಾರು 10ರಿಂದ 16 ಮಂದಿಯ ಮೂತ್ರದಲ್ಲಿ ಹೀಗೆ ಸುಮ್ನೆ ಬ್ಯಾಕ್ಟೀರಿಯಾ ಇರುತ್ತದೆ. ವೃದ್ಧಾಶ್ರಮದಂಥ ಕಡೆ ಇರುವ ಹೆಂಗಸರಲ್ಲಿ ಅದು 25ರಿಂದ 50. ತಿಂಗಳುಗಟ್ಟಲೆ ಕ್ಯಾತಿಟರ್, ಅಂದರೆ ಮೂತ್ರ ಹೋಗುವ ಕೊಳವೆ, ಹಾಕಿದವರಲ್ಲಂತೂ ಹೆಚ್ಚುಕಡಿಮೆ ಎಲ್ಲರಲ್ಲೂ. ಪಸ್ ಸೆಲ್, ಅಂದರೆ ಮೂತ್ರದಲ್ಲಿ ಕಾಣುವ ಬಿಳಿರಕ್ತಕಣ, ಕೂಡ ಹಾಗೇ, ಸೋಂಕಿಲ್ಲದೆಯೂ ಕಾಣಿಸಬಹುದು. ಪಟ್ಟಿ ಅದ್ದಿ ನೋಡುವ ಡಿಪ್‌ಸ್ಟಿಕ್‌ನಲ್ಲಿ ನೈಟ್ರೈಟ್ (ಕೆಲವು ಬ್ಯಾಕ್ಟೀರಿಯಾ ಮೂತ್ರದಲ್ಲಿ ಉಂಟುಮಾಡುವ ರಾಸಾಯನಿಕ), ಬಿಳಿರಕ್ತಕಣ ಎರಡೂ ಇಲ್ಲ ಎಂದು ಬಂದರೆ ಸೋಂಕಿನ ಸಾಧ್ಯತೆ ಕಡಿಮೆ. ಆದರೆ ಇದೆ ಎಂದು ಬಂದರೆ ಈ ವಯಸ್ಸಿನಲ್ಲಿ ಅದಕ್ಕೆ ಜಾಸ್ತಿ ಬೆಲೆ ಕೊಡಬಾರದು. 2019ರಲ್ಲಿ ಅಮೆರಿಕದ ಸೋಂಕುರೋಗ ತಜ್ಞರ ಸಂಘ ಹೇಳಿದ್ದೂ ಇದನ್ನೇ. ಮೂತ್ರದ ತೊಂದರೆ ಇಲ್ಲ, ಜ್ವರ ಇಲ್ಲ, ಬಿ.ಪಿ. ಇಳಿದಿಲ್ಲ, ಬರೀ ಗಲಿಬಿಲಿ ಇದೆ ಅಂದರೆ ಬೇರೆ ಕಾರಣ ಹುಡುಕಿ, ಹುಷಾರಾಗಿ ಗಮನಿಸಿ, ಕೂಡಲೇ ಆಂಟಿಬಯಾಟಿಕ್ ಬೇಡ ಎಂದು.

ಯಾವುದಕ್ಕೆ ಅನುಮಾನ ಪಡಬೇಕು? ಹೊಸದಾಗಿ ಶುರುವಾದ ಉರಿಗೆ. ತಡೆಯಲಾಗದ ಅವಸರಕ್ಕೆ. ನಿನ್ನೆವರೆಗೆ ಇಲ್ಲದೆ ಇವತ್ತು ಬಟ್ಟೆಯಲ್ಲೇ ಆಗುವುದಕ್ಕೆ, ಕಿಬ್ಬೊಟ್ಟೆ ನೋವಿಗೆ, ರಕ್ತಕ್ಕೆ. "ಹೊಸದಾಗಿ" ಅನ್ನೋದೇ ಇಲ್ಲಿ ಮುಖ್ಯ, ಐದು ವರ್ಷದಿಂದ ಪದೇ ಪದೇ ಹೋಗುವವರದು ಬೇರೆ ಕಥೆ. ಬರೀ ವಾಸನೆ ಅಥವಾ ಮಬ್ಬು ಬಣ್ಣ ಕಂಡು ಲ್ಯಾಬಿಗೆ ಓಡಬೇಕಿಲ್ಲ. ಆದರೆ ನಡುಕ ಹುಟ್ಟಿಸುವ ಚಳಿಜ್ವರ, ಪಕ್ಕೆನೋವು, ಬಿ.ಪಿ. ಇಳಿಯುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಇವಿದ್ದರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಪರೀಕ್ಷೆ ಬೇಕೇ ಬೇಕು ಅಂದಾಗ, ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ಮೂತ್ರ ಕೊಡಿ. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಹಿಡಿಯಿರಿ. ಡಯಾಪರಿನಿಂದ ಹಿಂಡಿ ತರುವವರೂ ಇದ್ದಾರೆ, ದಯವಿಟ್ಟು ಬೇಡ. ಎರಡು ಗಂಟೆಯೊಳಗೆ ಲ್ಯಾಬು ಮುಟ್ಟಬೇಕು. ಇ. ಕೋಲೈಗೆ ಹದವಾದ ಬಿಸಿ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಬಾಟಲಿ ಬ್ಯಾಗಿನೊಳಗೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದ್ದರೆ ಲಕ್ಷ ಆಗುವುದೇನು ಕಷ್ಟ, ಅಲ್ವಾ? ತಡವಾಗುತ್ತೆ ಅಂದರೆ ಫ್ರಿಜ್ಜಿನಲ್ಲಿಡಿ. ತರಕಾರಿ ಪಕ್ಕ ಬೇಡ ಅನ್ನಿಸಿದರೆ ಡಬ್ಬಿಯೊಳಗೆ ಹಾಕಿ.

ಇನ್ನೊಂದು ಮಾತು. ಬಾಟಲಿ ಜೊತೆ ಬರುವ ಫಾರಂನಲ್ಲಿ ಏನು ತೊಂದರೆ ಅಂತ ಬರೆಯುವ ಒಂದು ಸಾಲು ಇರುತ್ತದೆ. ನನ್ನ ಮೇಜಿಗೆ ಅದು ಹೆಚ್ಚಾಗಿ ಖಾಲಿಯೇ ಬರುತ್ತದೆ. ಅತ್ತೆಯ ಫಾರಂ ತುಂಬಿದ್ದು ನಾನೇ. ಅದರಲ್ಲೂ ಆ ಸಾಲು ಖಾಲಿ ಇತ್ತು.

ನಮಸ್ಕಾರ.